ತಿಪ್ಪೇರುದ್ರ ಬಾಯಿ ಮುಚ್ಚಿಕೊಂಡ ಇಪ್ಪತ್ತೊಂದು ದಿನ

ದಾವಣಗೆರೆಯ ಗಂಟಲು ಡಾಕ್ಟರು ತಿಪ್ಪೇರುದ್ರನ ಗಂಟಲೊಳಗೆ ಇಳಿಬಿಟ್ಟಿದ್ದ ದೀಪವನ್ನು ಹೊರಗೆ ತೆಗೆದವರೇ ಕೇಳಿದ ಮೊದಲ ಪ್ರಶ್ನೆ: "ಏನ್ರೀ ಕೆಲಸ ನಿಮ್ದು? ಮಂಡಿಯಾಗೆ ಹರಾಜು ಕೂಗ್ತೀರಾ?"

"ಇಲ್ರೀ ಸಾರ್. ಕಂಪ್ಯೂಟರ್ ಕೆಲಸ."

"ಕಂಪ್ಯೂಟರ್ ಕೆಲಸದೋರು ಬೆರಳು ನೋವು ಅಂತ ಬರ್ತಾರೆ, ಬೆನ್ನು ನೋವು ಅಂತ ಬರ್ತಾರೆ. ಗಂಟಲು ಹರಕೊಂಡು ಬಂದಿರೋದು ನೀವೇ ಮೊದಲು."

ತಿಪ್ಪೇರುದ್ರನಿಗೆ ಉತ್ತರ ಗೊತ್ತಿತ್ತು. ಆದರೆ ಅದನ್ನು ಹೇಳಿ ಮುಗಿಸಲು ಅರ್ಧ ಗಂಟೆ ಬೇಕು, ಹೊರಗೆ ಬೆಂಚಿನ ಮೇಲೆ ಹನ್ನೆರಡು ಜನ ಕೂತಿದ್ದರು, ಅವನಿಗೂ ಸಾಕಾಗಿತ್ತು. ಆದ್ದರಿಂದ ಸುಮ್ಮನೆ ತಲೆಯಾಡಿಸಿದ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ದನಿ ಹುಟ್ಟುವ ಎರಡು ಎಳೆಗಳಿವೆಯಂತೆ. ಸಲಿಕೆ ಹಿಡಿದವನ ಅಂಗೈಯಲ್ಲಿ ಜಡ್ಡು ಕಟ್ಟಿದ ಹಾಗೆ ಅವೆರಡರ ಮೇಲೂ ರಾಗಿಕಾಳಿನಷ್ಟು ಗಂಟು ಕಟ್ಟಿದೆಯಂತೆ. ಇಪ್ಪತ್ತೊಂದು ದಿನ ಒಂದು ಮಾತೂ ಆಡಕೂಡದು. ಪಿಸುಗುಟ್ಟುವುದಂತೂ ಕೂಗುವುದಕ್ಕಿಂತ ಕೆಟ್ಟದ್ದು. ಗಂಟು ಕರಗಿದರೆ ಸರಿ, ಇಲ್ಲವಾದರೆ ಕತ್ತರಿ ಹಾಕಬೇಕು.

"ಕತ್ತರಿ ಹಾಕಿದ ಮ್ಯಾಲೆ ದನಿ ಬರ್ತೈತೇನ್ರೀ?"

"ಬಂದ್ರೆ ಬರ್ತೈತೆ," ಎಂದರು ಡಾಕ್ಟರು, ಮಳೆಯ ವಿಷಯ ಮಾತಾಡುವವರಂತೆ. "ಇದೇ ನಿಮ್ಮ ಕೊನೇ ಪ್ರಶ್ನೆ. ಇನ್ನು ಬಾಯಿ ಮುಚ್ಚಿ."

ಐವತ್ತಮೂರು ವರ್ಷದ ಬಾಳಿನಲ್ಲಿ ತಿಪ್ಪೇರುದ್ರನಿಗೆ ಬಾಯಿ ಮುಚ್ಚು ಎಂದು ಹೇಳಿದವರು ಬಹಳ ಜನ. ಅದಕ್ಕೆ ರಸೀತಿ ಕೊಟ್ಟವರು ಇವರೊಬ್ಬರೇ.

ತ್ಯಾವಣಿಗೆಯ ಈ ಮನುಷ್ಯ ಕಲಿತ ವಿದ್ಯೆಗಳದ್ದೆಲ್ಲ ಒಂದೇ ಹಣೆಬರಹ. ಹೊನ್ನಾಳಿಯಲ್ಲಿ ರೇಡಿಯೋ ರಿಪೇರಿ ಕಲಿತ. ಕಲಿತು ಮುಗಿಯುವಷ್ಟರಲ್ಲಿ ಜನ ರೇಡಿಯೋವನ್ನು ಅಟ್ಟಕ್ಕೆ ಹಾಕಿದ್ದರು. ಡಬ್ಬದ ಟಿ.ವಿ. ಕಲಿತ, ಅದು ಗೋಡೆಗೆ ಅಂಟುವಷ್ಟು ತೆಳ್ಳಗಾಗಿ, ಕೆಟ್ಟರೆ ಎಸೆಯುವ ವಸ್ತುವಾಯಿತು. ಆಮೇಲೆ ಕ್ಯಾಸೆಟ್ಟಿನ ಡೆಕ್ಕು, ಆಮೇಲೆ ಛತ್ರಿ ಆಂಟೆನಾ. ಕೊನೆಗೆ ಕಂಪ್ಯೂಟರಿಗೆ ಬಂದು ನಿಂತಾಗ ಅವನ ತಾಯಿ ಅಂತರಘಟ್ಟಮ್ಮ, "ಪಾಪ, ಅದಕ್ಕೂ ಇನ್ನೆಷ್ಟು ದಿನವೋ" ಎಂದು ಕಂಪ್ಯೂಟರಿನ ಮೇಲೇ ಕನಿಕರಪಟ್ಟಿದ್ದಳು.

ಹನ್ನೊಂದು ವರ್ಷದಿಂದ ಅವನು ಚನ್ನಗಿರಿಯಲ್ಲಿ ಶಿವಮೂರ್ತಪ್ಪನವರ ಲ್ಯಾಬಿನಲ್ಲಿದ್ದಾನೆ. ಶಿವಮೂರ್ತಪ್ಪನವರು ಮೊದಲು ಔಷಧಿ ಅಂಗಡಿ ಇಟ್ಟಿದ್ದವರು. ಇಪ್ಪತ್ತು ವರ್ಷ ಡಾಕ್ಟರರ ಚೀಟಿ ಓದಿ ಓದಿ, ತಾವೂ ಅರ್ಧ ಡಾಕ್ಟರಿರಬಹುದೇ ಎಂಬ ಅನುಮಾನ ಬಂದು, ಅನುಮಾನ ನಂಬಿಕೆಯಾಗಿ, ರಕ್ತ ಪರೀಕ್ಷೆಯ ಲ್ಯಾಬು ತೆರೆದರು. ಲ್ಯಾಬಿನ ವರದಿಯ ಹಾಳೆಯ ಮೇಲುಗಡೆ ಅವರದೊಂದು ಫೋಟೋ ಇರುತ್ತದೆ, ರೋಗಿಯ ಹೆಸರಿಗಿಂತ ಎರಡು ಬೆರಳು ದೊಡ್ಡದು. ನ್ಯಾಮತಿಯ ಅಜ್ಜಿಯೊಬ್ಬಳು ಅದನ್ನು ದಿಟ್ಟಿಸಿ ನೋಡಿ, "ಅಯ್ಯೋ, ಈ ಯಪ್ಪಂಗೆ ಏನು ಕಾಯಿಲೆಯೋ" ಎಂದು ಲೊಚಗುಟ್ಟಿದ್ದಳಂತೆ.

ದೊಡ್ಡ ಲ್ಯಾಬು ಚನ್ನಗಿರಿಯಲ್ಲಿ. ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಒಂದೊಂದು ಕೋಣೆಯ ಶಾಖೆ. ಅಲ್ಲಿ ರಕ್ತ ತೆಗೆಯುತ್ತಾರೆ, ಐಸ್ ಡಬ್ಬಿಗೆ ಹಾಕುತ್ತಾರೆ, ಬಸ್ಸಿನ ಡ್ರೈವರ್ ಪಕ್ಕದಲ್ಲಿಟ್ಟು ಕಳಿಸುತ್ತಾರೆ. ಜಗಳೂರಿನ ರಕ್ತ ಮಾತ್ರ ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು. ಎಷ್ಟೋ ಸಲ ಅದಕ್ಕೆ ಸೀಟು ಸಿಕ್ಕು, ಜನ ನಿಂತು ಬಂದದ್ದುಂಟು. ಚನ್ನಗಿರಿಯಲ್ಲಿ ಯಶೋಧರಾ ಎಂಬಾಕೆ ಪರೀಕ್ಷೆ ಮಾಡಿ ವರದಿಯನ್ನು ಟೈಪು ಮಾಡುತ್ತಾಳೆ. ಅವೆಲ್ಲ ಹೋಗಿ ಕೂರುವುದು ಮೂಲೆಯಲ್ಲಿರುವ ಒಂದು ಕಪ್ಪು ಪೆಟ್ಟಿಗೆಯೊಳಗಿನ ಫೋಲ್ಡರಿನಲ್ಲಿ. ಶಾಖೆಗಳ ಕಂಪ್ಯೂಟರುಗಳಿಗೆ ಆ ಫೋಲ್ಡರು ತಂತಿಯ ಮೂಲಕ ತಮ್ಮದೇ ಎಂಬಂತೆ ಕಾಣುತ್ತದೆ. ಅಲ್ಲಿಂದ ತೆಗೆದು, ಪ್ರಿಂಟು ಹೊಡೆದು, ರೋಗಿಯ ಕೈಗೆ ಕೊಡುವುದು.

ಇಷ್ಟೇ ಆಗಿದ್ದರೆ ತಿಪ್ಪೇರುದ್ರನ ಗಂಟಲು ಇವತ್ತಿಗೂ ನೆಟ್ಟಗಿರುತ್ತಿತ್ತು. ಏಳು ವರ್ಷದ ಹಿಂದೆ ಶಿವಮೂರ್ತಪ್ಪನವರು ಬೆಂಗಳೂರಿನ ಯಾವುದೋ ಕಂಪನಿಯಿಂದ ಒಂದು ಪ್ರೋಗ್ರಾಂ ತಂದರು. ಫೋಲ್ಡರಿಗೆ ಹೊಸ ವರದಿ ಬಂದರೆ, ಇದ್ದ ವರದಿ ಬದಲಾದರೆ, ಅದು ಟಣ್ ಎಂದು ಗಂಟೆ ಹೊಡೆಯುತ್ತದೆ. ಉದ್ಘಾಟನೆಗೆ ಶಾಮಿಯಾನ ಹಾಕಿಸಿದರು, ಮೂರೂ ಶಾಖೆಯವರನ್ನು ಕರೆಸಿದರು, ತಮಗೆ ತಾವೇ ಶಾಲು ಹೊದಿಸಿಕೊಳ್ಳಲಾಗದೆ ತಿಪ್ಪೇರುದ್ರನ ಕೈಯಲ್ಲಿ ಹೊದಿಸಿಕೊಂಡರು. ಮೈಕು ಹಿಡಿದು, "ಇನ್ನು ಮ್ಯಾಲೆ ಯಾರೂ ಏನೂ ಒತ್ತಂಗಿಲ್ಲ, ಏನೂ ನೋಡಂಗಿಲ್ಲ. ಚನ್ನಗಿರಿಯಾಗೆ ವರದಿ ಹುಟ್ಟಿದ್ರೆ ಜಗಳೂರಾಗೆ ಗಂಟೆ ಹೊಡೀತೈತೆ!" ಎಂದು ಘೋಷಿಸಿದರು. ವೇದಿಕೆಯ ಮೇಲಿದ್ದ ಕಂಪ್ಯೂಟರ್ ಟಣ್ ಎಂದಿತು. ಜನ ಚಪ್ಪಾಳೆ ತಟ್ಟಿದರು.

ಮಾರನೆಯ ದಿನ ಹೊನ್ನಾಳಿಯಲ್ಲಿ ಹೊಡೆಯಲಿಲ್ಲ. ನ್ಯಾಮತಿಯಲ್ಲಿ ಹೊಡೆಯಲಿಲ್ಲ. ಜಗಳೂರಿನಲ್ಲಂತೂ ಇಲ್ಲವೇ ಇಲ್ಲ.

ಕಾರಣ ತಿಪ್ಪೇರುದ್ರನಿಗೆ ಎರಡು ದಿನದಲ್ಲಿ ತಿಳಿಯಿತು. ಆ ಪ್ರೋಗ್ರಾಂ ಕಾವಲು ಕಾಯುತ್ತಿದ್ದುದು ನಿಜ, ಆದರೆ ತಾನು ಕೂತ ಕಂಪ್ಯೂಟರಿನೊಳಗೆ ಆದ ಬದಲಾವಣೆ ಮಾತ್ರ ಅದರ ಕಿವಿಗೆ ಬೀಳುತ್ತಿತ್ತು. ನಮ್ಮ ಮನೆಯ ಬಾಗಿಲು ಕಿರ್ ಎಂದರೆ ನಮಗೆ ಕೇಳುತ್ತದೆ. ಬೀಗರ ಮನೆಯ ಬಾಗಿಲು ಕಿರ್ ಎಂದರೆ, ಅಲ್ಲಿಂದ ಯಾರಾದರೂ ಹೇಳಿ ಕಳಿಸಿದ ಹೊರತು ಹೇಗೆ ಕೇಳಬೇಕು? ಚನ್ನಗಿರಿಯ ಪೆಟ್ಟಿಗೆಗೆ ತನ್ನೊಳಗೆ ಬದಲಾದದ್ದೆಲ್ಲ ಗೊತ್ತಿತ್ತು. ಆದರೆ ಶಾಖೆಗಳಿಗೆ ಹೇಳಿ ಕಳಿಸುವ ಸೌಜನ್ಯವಿರಲಿಲ್ಲ. ಬೆಂಗಳೂರಿನ ಕಂಪನಿಗೆ ಫೋನು ಮಾಡಿದರೆ ಒಬ್ಬ ಹುಡುಗಿ, "ನೆಟ್‌ವರ್ಕ್ ಫೋಲ್ಡರ್‌ಗೆ ಸಪೋರ್ಟ್ ಇಲ್ಲ ಸರ್, ನೆಕ್ಸ್ಟ್ ವರ್ಷನ್‌ನಲ್ಲಿ ಬರುತ್ತೆ" ಎಂದಳು. ಏಳು ವರ್ಷವಾಯಿತು. ಹುಡುಗಿಯರು ಬದಲಾದರು, ವಾಕ್ಯ ಬದಲಾಗಲಿಲ್ಲ.

ತಿಪ್ಪೇರುದ್ರ ಇದನ್ನು ಸಾಹುಕಾರರಿಗೆ ಬಿಡಿಸಿ ಹೇಳಿದ. ಶಿವಮೂರ್ತಪ್ಪನವರು ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಗಂಟೆ ಹೊಡೆಯಲ್ಲ ಅಂತೀಯ."

"ಇಲ್ಲಿ ಹೊಡೀತೈತೆ ಸಾರ್. ಅಲ್ಲಿ ಹೊಡೆಯಲ್ಲ."

"ತಿಪ್ಪೇರುದ್ರಾ, ನಾನು ಶಾಲು ಹೊದ್ದಾಗೈತೆ. ಪೇಪರ್ನಾಗೆ ಫೋಟೋ ಬಂದಾಗೈತೆ. ಹೊಡೆಯಲ್ಲ ಅಂದ್ರೆ ಹೊಡಿಸು."

ಹಾಗೆ ಗಂಟೆ ಹೊಡೆಯುವ ಕೆಲಸ ತಿಪ್ಪೇರುದ್ರನಿಗೆ ಬಂತು. ಯಶೋಧರಾ ಒಂದು ವರದಿ ಮುಗಿಸುವುದು, ಇವನು ಫೋನೆತ್ತಿ ಆಯಾ ಶಾಖೆಗೆ, "ಬಂತು ನೋಡ್ರೀ" ಎನ್ನುವುದು. ತಿದ್ದಿದ್ದಾದರೆ, "ಬದಲಾಗೈತೆ ನೋಡ್ರೀ." ಅವರು ಆಗ ಒಂದು ಗುಂಡಿ ಒತ್ತುವರು, ಪಟ್ಟಿ ಹೊಸದಾಗುವುದು. ಆ ಗುಂಡಿಯನ್ನು ಅವರು ತಾವಾಗಿಯೇ ಆಗಾಗ ಒತ್ತಬಹುದಿತ್ತಲ್ಲ ಎಂದರೆ, ಒತ್ತಬಹುದಿತ್ತು. ಆದರೆ ಯಾರೂ ಏನೂ ಒತ್ತಕೂಡದೆಂದು ಸಾಹುಕಾರರೇ ಮೈಕಿನಲ್ಲಿ ಹೇಳಿದ ಮೇಲೆ, ಒತ್ತುವುದೆಂದರೆ ಅವರ ಗಂಟೆಯನ್ನು ನಂಬಲಿಲ್ಲವೆಂದೇ ಅರ್ಥ. ಹೊನ್ನಾಳಿಯ ಗುರುಬಸವರಾಜ್ ಒಮ್ಮೆ ಹೀಗೆ ಒತ್ತುವಾಗ ಸಾಹುಕಾರರ ಕಣ್ಣಿಗೆ ಬಿದ್ದು, "ನಿಂಗೇನು ಅಷ್ಟು ಅವಸರ? ಗಂಟೆ ಐತಲ್ಲ" ಎನ್ನಿಸಿಕೊಂಡಿದ್ದ. ವಾಟ್ಸಾಪಿನಲ್ಲಿ ಹಾಕಿ ನೋಡಿದ್ದೂ ಆಯಿತು. ಗುಲಾಬಿ ಹೂವಿನ ಶುಭೋದಯಗಳ ಕೆಳಗೆ ಜನರ ಥೈರಾಯ್ಡು, ಸಕ್ಕರೆ, ಕಾಮಾಲೆಗಳೆಲ್ಲ ಹೂತುಹೋದವು.

ದಿನಕ್ಕೆ ನೂರು, ನೂರಿಪ್ಪತ್ತು ಸಲ. ಜಗಳೂರಿನ ಲೈನಿನಲ್ಲಿ ಯಾವಾಗಲೂ ಗಾಳಿ ಬೀಸುತ್ತಿರುತ್ತದೆ, ಕೂಗಿಯೇ ಹೇಳಬೇಕು. ನ್ಯಾಮತಿಯ ಪ್ರೇಮಲತಾಗೆ ಎರಡು ಸಲ ಹೇಳದಿದ್ದರೆ ಸಮಾಧಾನವಿಲ್ಲ. ಗುರುಬಸವರಾಜನಿಗೆ ವರದಿಯ ಜೊತೆಗೆ ಚನ್ನಗಿರಿಯ ಹವಾಮಾನವೂ ಬೇಕು. ಹೀಗೆ ಏಳು ವರ್ಷ ಕಳೆದವು.

ಆಯಾಸದ ಮಾತು ಬೇರೆ. ನಿಜ ಹೇಳಬೇಕೆಂದರೆ ತಿಪ್ಪೇರುದ್ರನಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಸಾಹುಕಾರರ ದೊಡ್ಡಸ್ತಿಕೆಯನ್ನು ಕಂಡು ನಗುವವನಿಗೆ ತನ್ನದೂ ಒಂದು ಚಿಕ್ಕ ಶಾಲು ಇರಬಾರದೆಂದೇನಿಲ್ಲ. ನಾಲ್ಕು ತಾಲ್ಲೂಕಿನ ರಕ್ತ ತನ್ನ ಒಂದು ಮಾತಿಗೆ ಕಾದಿರುತ್ತದೆ. ತಾನು 'ಬಂತು' ಎನ್ನುವವರೆಗೆ ಜಗಳೂರಿನಲ್ಲಿ ಯಾರ ಕಾಯಿಲೆಗೂ ಹೆಸರಿಲ್ಲ. ಮದುವೆ ಮನೆಗಳಲ್ಲಿ ಪರಿಚಯ ಮಾಡಿಕೊಳ್ಳುವಾಗ, "ಸಿಸ್ಟಮ್ಮು ಪೂರಾ ನನ್ ಮ್ಯಾಲೇ ನಿಂತೈತೆ" ಎನ್ನುತ್ತಿದ್ದ. ಎನ್ನುವಾಗ ಬೆನ್ನು ಕೊಂಚ ನೆಟ್ಟಗಾಗುತ್ತಿತ್ತು.

ಆದರೆ ದನಿ ಹೋಗಬಹುದೆಂದು ಡಾಕ್ಟರು ಹೇಳಿದಾಗ ಅವನಿಗೆ ನೆನಪಾದದ್ದು ಲ್ಯಾಬಲ್ಲ, ಮನೆ. ಅಂತರಘಟ್ಟಮ್ಮನಿಗೆ ಕಣ್ಣು ಪೂರ್ತಿ ಹೋಗಿ ನಾಲ್ಕು ವರ್ಷ. ದಿನಾ ಸಂಜೆ ಆರಕ್ಕೆ ಮಗ ಪೇಪರ್ ಓದಬೇಕು. ಅವಳಿಗೆ ಬೇಕಾದದ್ದು ಎರಡೇ: ರಾಜಕೀಯ, ಮತ್ತು ತೀರಿಕೊಂಡವರ ಪಟ್ಟಿ. ಎರಡರಲ್ಲೂ ಪರಿಚಯದವರು ಯಾರಾದರೂ ಇದ್ದಾರಾ ಎಂದು ಹುಡುಕುತ್ತಾಳೆ. ಸೊಸೆ ಅಂಬಿಕಾ ಶಾಲೆಯ ಬಿಸಿಯೂಟದ ಕೆಲಸ ಮುಗಿಸಿ ಬಂದು ಒಂದೆರಡು ದಿನ ಓದಿ ನೋಡಿದ್ದಳು. ಮುದುಕಿಗೆ ಹಿಡಿಸಲಿಲ್ಲ. "ಇವಳು ಓದಿದ್ರೆ ಸತ್ತೋರು ಇನ್ನೊಂದ್ಸಲ ಸತ್ತಂಗೆ ಕೇಳ್ತೈತೆ. ನನ್ ಮಗ ಓದಿದ್ರೆ, ಯಾರೋ ಊರಿಗೆ ಹೋದಂಗೆ ಇರ್ತೈತೆ."

ತಾಯಿಗೆ ಕಾಣುವ ಮಗನೆಂದರೆ ಆ ದನಿಯೊಂದೇ. ಕತ್ತರಿ ಹಾಕಿದ ಮೇಲೆ ಅದು ಬರದೇ ಹೋದರೆ ಅವಳ ಪಾಲಿಗೆ ಮಗ ಮನೆಯಲ್ಲಿ ಇದ್ದಾನೋ ಇಲ್ಲವೋ ಎಂದು ಕೈಯಿಂದ ತಡವಿ ನೋಡಿಕೊಳ್ಳಬೇಕು. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ.

ಸುದ್ದಿಯನ್ನು ಅಂಬಿಕಾ ಅತ್ತೆಗೆ ಹೇಳಿದಳು. ಮುದುಕಿ, "ಇಪ್ಪತ್ತೊಂದು ದಿನ ತಾನೇ? ಅವನಪ್ಪ ಸಿಟ್ಟು ಬಂದ್ರೆ ಮೂರು ತಿಂಗಳು ಮಾತಾಡ್ತಿರಲಿಲ್ಲ. ನಂಗೆ ರೂಢಿ ಐತೆ" ಎಂದಳು. ಆಮೇಲೆ ಮಗನ ಕಡೆ, ಅಂದರೆ ಮಗ ಇರಬಹುದಾದ ಕಡೆ ತಿರುಗಿ, "ನೋಡೋ, ಒಂದು ಮಾತಾಡಿದ್ರೂ ನನ್ ಮ್ಯಾಲೆ ಆಣೆ" ಎಂದಳು. ಮಗ ತಲೆಯಾಡಿಸಿದ. ಅದು ಅವಳಿಗೆ ಕಾಣುವುದಿಲ್ಲವೆಂದು ಆಮೇಲೆ ಹೊಳೆದು ಅವಳ ಅಂಗೈ ಒತ್ತಿದ.

ಲ್ಯಾಬಿನಲ್ಲಿ ಕಷ್ಟ ಶುರುವಾಯಿತು. ತಿಪ್ಪೇರುದ್ರ ಜೇಬಿನಲ್ಲೊಂದು ಪುಟ್ಟ ನೋಟ್‌ಬುಕ್ಕು ಇಟ್ಟುಕೊಂಡು ಹೇಳಬೇಕಾದದ್ದನ್ನು ಬರೆದು ತೋರಿಸತೊಡಗಿದ. ಶಿವಮೂರ್ತಪ್ಪನವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, "ಎಂಥೆಂಥಾ ಡಾಕ್ಟರ್ ಬರೆದಿದ್ದನ್ನೂ ಓದಿದೀನಪ್ಪ, ನಿನ್ನ ಅಕ್ಷರಕ್ಕೆ ಸೋತೆ" ಎಂದು ವಾಪಸು ಕೊಟ್ಟರು. ಗಂಟೆ ಹೊಡೆಯುವ ಕೆಲಸ ಯಶೋಧರಾಳ ಮೇಲೆ ಬಿತ್ತು. ಎರಡು ದಿನ ಮಾಡಿದಳು. ಮೂರನೆಯ ದಿನ ಗ್ಲೌಸು ಕಳಚಿ ಮೇಜಿನ ಮೇಲೆ ಹಾಕಿದಳು.

"ತಿಪ್ಪೇರುದ್ರಣ್ಣ, ನಾನು ರಕ್ತ ನೋಡ್ಲಾ, ಫೋನ್ ನೋಡ್ಲಾ? ಆ ಗುರುಬಸವರಾಜಣ್ಣ ನನ್ ಕೈಲಿ ನಿಮ್ ಗಂಟಲಿನ ವಿಚಾರ ಹದಿನೈದು ಸಲ ಕೇಳಿದ್ರು. ನೀವೇ ಏನಾದ್ರೂ ಮಾಡ್ರಿ."

ಮಾಡಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು. ಗಂಟೆಗೆ ತಾನಾಗಿ ಕೇಳಿಸದಿದ್ದರೆ, ಅದು ಎದ್ದು ಹೋಗಿ ನೋಡಿಕೊಂಡು ಬರಲಿ. ಪೋಸ್ಟ್‌ಮ್ಯಾನ್ ಬರಲಿ ಎಂದು ಕಾಯುವವನು ಒಬ್ಬ; ದಿನಾ ಪೋಸ್ಟಾಫೀಸಿಗೇ ಹೋಗಿ, "ನಮ್ದೇನಾರ ಬಂದೈತಾ?" ಎಂದು ಕೇಳುವವನು ಇನ್ನೊಬ್ಬ. ಎರಡನೆಯವನಿಗೆ ಕಾಲು ನೋಯುತ್ತದೆ, ಆದರೆ ಕಾಗದ ತಪ್ಪುವುದಿಲ್ಲ. ಮೂರು ಶಾಖೆಯ ಕಂಪ್ಯೂಟರುಗಳೂ ನಿಮಿಷಕ್ಕೊಮ್ಮೆ ಚನ್ನಗಿರಿಯ ಪೆಟ್ಟಿಗೆಗೆ ಹೋಗಿ, ಅಲ್ಲಿರುವ ವರದಿಗಳ ಹೆಸರು ಮತ್ತು ಗಾತ್ರದ ಪಟ್ಟಿ ತಂದು, ಹೋದ ನಿಮಿಷದ ಪಟ್ಟಿಯ ಪಕ್ಕ ಇಟ್ಟು ನೋಡಬೇಕು. ವ್ಯತ್ಯಾಸ ಕಂಡರೆ ಟಣ್. ವರದಿಯ ತಾರೀಖು, ವೇಳೆಯನ್ನೂ ಹೋಲಿಸಬಹುದಿತ್ತು. ಆದರೆ ಕರೆಂಟು ಹೋದಾಗಲೆಲ್ಲ ಆ ಪೆಟ್ಟಿಗೆಯ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಓಡಿಹೋಗುತ್ತಿತ್ತು, ಸರಿ ಮಾಡಿದರೂ ಮತ್ತೆ ಓಡುತ್ತಿತ್ತು. ಅದನ್ನು ನಂಬಿದರೆ ಗಂಟೆ ಹುಚ್ಚು ಹಿಡಿದ ಹಾಗೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ತಾರೀಖನ್ನು ಕೈಬಿಟ್ಟ.

ಒಂದೂವರೆ ದಿನದ ಕೆಲಸ. ಬರೆದು ಮುಗಿಸಿ, ಚನ್ನಗಿರಿಯಲ್ಲಿ ಕೂತೇ ಮೂರು ಶಾಖೆಗೂ ಹಾಕಿದ. ಟಣ್, ಟಣ್, ಟಣ್. ಹೊಡೆಯಿತು.

ಏಳು ವರ್ಷದ ಹಿಂದೆಯೇ ಇದನ್ನು ಯಾಕೆ ಮಾಡಲಿಲ್ಲ? ಅವನನ್ನು ಯಾರೂ ಕೇಳಲಿಲ್ಲ. ಅವನು ತನ್ನನ್ನು ತಾನು ಕೇಳಿಕೊಂಡ; ಬಾಯಿ ಮುಚ್ಚಿದವನಿಗೆ ಇಂಥ ಪ್ರಶ್ನೆಗಳು ಜಾಸ್ತಿ ಬರುತ್ತವೆ. ಫೋನೆತ್ತಿ ಕೂಗುವುದು ಸಲೀಸಾಗಿತ್ತು, ಅದು ಒಂದು. ಇನ್ನೊಂದನ್ನು ನೋಟ್‌ಬುಕ್ಕಿನಲ್ಲಿ ಕೂಡ ಬರೆದುಕೊಳ್ಳಲಿಲ್ಲ.

ಹೊಸ ಗಂಟೆಯ ಮೊದಲ ವಾರದಲ್ಲೇ ಹೊಸ ರೋಗ ಕಾಣಿಸಿಕೊಂಡಿತು. ಗಂಟೆ ಹೊಡೆದ ತಕ್ಷಣ ಹೊನ್ನಾಳಿಯಿಂದ ಫೋನು ಬರುತ್ತಿತ್ತು: "ಗಂಟೆ ಹೊಡೀತು, ನಿಜಾನೇನ್ರೀ?" ಗುರುಬಸವರಾಜನಿಗೆ ಮನುಷ್ಯ ಹೇಳದ ಹೊರತು ಯಂತ್ರದ ಮಾತಿಗೆ ಜಾಮೀನಿಲ್ಲ. ಪ್ರೇಮಲತಾಳೂ ಕೇಳತೊಡಗಿದಳು. ಯಶೋಧರಾ ಪೆನ್ನು ತೆಗೆದುಕೊಂಡು ಫೋನಿನ ಮೇಲೆ ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ ಎಂದು ಗೊತ್ತು ಮಾಡಿಕೊಟ್ಟಳು. ತಿಪ್ಪೇರುದ್ರ ದಿನವಿಡೀ ಮರಕುಟಿಗನ ಹಾಗೆ ಕುಟ್ಟುತ್ತ ಕೂತ. ಜಗಳೂರಿನಿಂದ ಮಾತ್ರ ಒಂದೂ ಫೋನು ಬರಲಿಲ್ಲ. ಅಲ್ಲಿರುವವಳು ಸಂಘಮಿತ್ರಾ ಒಬ್ಬಳೇ. ಪಾಪ, ಚಿಕ್ಕ ವಯಸ್ಸು, ಸಂಕೋಚ ಎಂದುಕೊಂಡ.

ಹದಿನಾರನೆಯ ದಿನ ಮಧ್ಯಾಹ್ನ ಮೂರು ಗಂಟೆ. ಯಶೋಧರಾ ಕೈಯಲ್ಲಿ ಯಂತ್ರದ ಚೀಟಿ ಹಿಡಿದುಕೊಂಡು ಬಂದಳು.

"ಅಣ್ಣಾ, ಕರೆಂಟ್ ಹೋಗೋ ಗಡಿಬಿಡಿಯಾಗೆ ಜಗಳೂರಿನ ಬೆನಕಪ್ಪ ಅನ್ನೋರ ಸಕ್ಕರೆ ತಪ್ಪು ಹೊಡೆದುಬಿಟ್ಟಿದ್ದೆ. ನೂರ ನಲವತ್ತೆರಡು ಬದಲು ನಾನೂರ ಹನ್ನೆರಡು. ಹತ್ತು ನಿಮಿಷದ ಕೆಳಗೆ ತಿದ್ದಿದೆ. ಗಂಟೆ ಹೊಡೆದಿರ್ತೈತೆ ಅಲ್ಲ?"

ಹೊಡೆದಿರ್ತೈತೆ ಎಂದು ತಿಪ್ಪೇರುದ್ರ ಬರೆದು ತೋರಿಸಿದ. ಬರೆದು, ಅಭ್ಯಾಸಬಲದಿಂದ ಗಂಟೆಯ ದಾಖಲೆ ತೆಗೆದು ನೋಡಿದ. ಎರಡು ಮೂವತ್ತೈದಕ್ಕೆ ತಪ್ಪು ವರದಿ ಹೋದಾಗ ಗಂಟೆ ಹೊಡೆದಿತ್ತು. ಆಮೇಲೆ ಏನೂ ಇರಲಿಲ್ಲ.

ತಿದ್ದಿದ ವರದಿಯನ್ನು ತೆರೆದು ನೋಡಿದ. ಅದೇ ಹೆಸರಿನ ವರದಿ. ನಾಲ್ಕು, ಒಂದು, ಎರಡು ಇದ್ದದ್ದು ಒಂದು, ನಾಲ್ಕು, ಎರಡಾಗಿದೆ. ಅಂಕಿ ಮೂರೇ, ಗಾತ್ರ ಅಷ್ಟೇ. ಹೆಸರೂ ಗಾತ್ರವೂ ಬದಲಾಗದಿದ್ದರೆ ವರದಿಯೇ ಬದಲಾಗಿಲ್ಲವೆಂದು ಯಂತ್ರಕ್ಕೆ ಹೇಳಿಕೊಟ್ಟವನು ತಾನೇ. ನಿಮಿಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋದವನು ಲಕೋಟೆಯ ಮೇಲಿನ ವಿಳಾಸ ನೋಡಿ, ತೂಕ ನೋಡಿ, ಹಳೆಯದೇ ಎಂದು ವಾಪಸು ಬಂದಿದ್ದ. ಒಳಗೆ ಬೇರೆ ಕಾಗದ ಇತ್ತು.

ಜಗಳೂರಿನ ಶಾಖೆಯ ಎದುರಿಗೇ ದವಾಖಾನೆ. ನಾನೂರ ಹನ್ನೆರಡು ಎಂದು ಕಂಡರೆ ಅಲ್ಲಿ ಇನ್ಸುಲಿನ್ ಚುಚ್ಚಲು ಎಷ್ಟು ಹೊತ್ತು ಬೇಕು? ನೂರ ನಲವತ್ತೆರಡಿರುವ ಮನುಷ್ಯನಿಗೆ ನಾನೂರು ಇದ್ದವನ ಔಷಧಿ ಹೋದರೆ ಸಕ್ಕರೆ ಇಳಿದು ಬಿದ್ದುಬಿಡುತ್ತಾನೆ. ವರದಿ ಹೋಗಿ ಅರ್ಧ ಗಂಟೆಯ ಹತ್ತಿರವಾಗಿತ್ತು.

ಯಶೋಧರಾಗೆ ಸನ್ನೆ ಮಾಡಿದ. ಅವಳು ಫೋನು ಹಚ್ಚಿದಳು. ಜಗಳೂರಿನಲ್ಲಿ ರಿಂಗಾಯಿತು, ಆಗುತ್ತಲೇ ಇತ್ತು, ನಿಂತಿತು. ಮತ್ತೆ ಹಚ್ಚಿದಳು. ಆ ಕಡೆ "ಹಲೋ" ಎಂದು ಕೇಳಿದ್ದೇ, ಯಶೋಧರಾ ಬಾಯಿ ತೆರೆಯುವ ಮುಂಚೆ ತಿಪ್ಪೇರುದ್ರ ಅವಳ ಕೈಯಿಂದ ಫೋನು ಕಿತ್ತುಕೊಂಡ. ಅವಳು ಹೇಳಿದ್ದರೂ ಆಗುತ್ತಿತ್ತು. ಅದನ್ನು ಅವನು ಆಮೇಲೆ ಬಹಳ ಸಲ ಯೋಚಿಸಿದ. ಆ ಗಳಿಗೆಯಲ್ಲಿ ಮಾತ್ರ, ಜಗಳೂರು ತನ್ನ ದನಿಯನ್ನಲ್ಲದೆ ಬೇರೆ ಯಾರದನ್ನೂ ಕೇಳುವುದಿಲ್ಲ ಎಂದು ಅವನ ಏಳು ವರ್ಷ ಅವನಿಗೆ ಹೇಳುತ್ತಿತ್ತು.

"ಸಂಘಮಿತ್ರಾ! ಬೆನಕಪ್ಪಂದು ನಾನೂರ ಹನ್ನೆರಡು ಅಲ್ಲ! ನೂರ ನಲವತ್ತೆರಡು! ಕೊಡಬ್ಯಾಡ! ಕೊಟ್ಟಿದ್ರೆ ಓಡಿ ಹೋಗಿ ಇಸ್ಕೊಂಡು ಬಾ!"

ತಗಡನ್ನು ಸಿಮೆಂಟಿನ ಮೇಲೆ ಎಳೆದ ಹಾಗಿತ್ತು ದನಿ. ಒಳಗೆ ಏನೋ ಹರಿದದ್ದು ಅವನಿಗೇ ಗೊತ್ತಾಯಿತು.

"ಯಾರು... ತಿಪ್ಪೇರುದ್ರಣ್ಣನಾ?" ಸಂಘಮಿತ್ರಾಳ ದನಿ ಗಾಳಿಯ ನಡುವೆ ನಿಧಾನವಾಗಿ ಬಂತು. "ಯಾಕಣ್ಣಾ ಮಾತಾಡ್ತಿದೀರಾ? ಡಾಕ್ಟ್ರು ಬ್ಯಾಡ ಅಂದಿಲ್ವಾ?"

"ಬೆನಕಪ್ಪ!"

"ಕೊಟ್ಟೆ ಅಣ್ಣಾ, ಈಗ ಐದು ನಿಮಿಷ ಆತು. ನೂರ ನಲವತ್ತೆರಡೇ ಕೊಟ್ಟಿದೀನಿ. ಹಳೇದು ಹರಿದು ಬುಟ್ಟಿಗೆ ಹಾಕ್ದೆ."

"ಗಂಟೆ ಹೊಡೀಲಿಲ್ಲ."

"ಇಲ್ಲ, ಹೊಡೀಲಿಲ್ಲ."

"ಮತ್ತೆ ಹೆಂಗೆ ಗೊತ್ತಾತು?"

"ಯಾರಿಗೇ ಕೊಡಾಕೂ ಮುಂಚೆ ನಾನು ಇನ್ನೊಂದ್ಸಲ ತೆಗ್ದು ನೋಡ್ತೀನಿ ಅಣ್ಣಾ. ಅವ್ರು ಎದುರಿಗೆ ಬಂದು ನಿಂತಾಗ. ಅದೂ ಅಲ್ದೆ, ಆ ಬೆನಕಪ್ಪಜ್ಜ ಫ್ಯಾನ್ ಯಾಕೆ ಹಾಕಿಲ್ಲ ಅಂತ ಒಂದು ಗಂಟೆಯಿಂದ ನನ್ ಕೂಡ ಜಗಳಾಡ್ತಾ ಕೂತಿತ್ತು. ನಾನೂರು ಸಕ್ಕರೆ ಇರೋರಿಗೆ ಅಷ್ಟು ಕಸುವು ಎಲ್ಲಿಂದ ಬರಬೇಕು?"

"ಯಾವಾಗಿಂದ?"

"ಏನು ಯಾವಾಗಿಂದ?"

"ಹಿಂಗೆ ತೆಗ್ದು ನೋಡೋದು."

"ಸೇರಿದಾಗಿಂದಾನೂ ಅಣ್ಣಾ. ಐದು ವರ್ಷ ಆತಲ್ಲ."

"ಮತ್ತೆ ನಾನು ದಿನಾ ಫೋನ್ ಮಾಡಿ ಹೇಳ್ತಿದ್ದದ್ದು?"

"ನೀವು ಮಾಡ್ತಿದ್ರಿ," ಎಂದಳು ಸಂಘಮಿತ್ರಾ. ಬಹಳ ಮರ್ಯಾದೆಯಿಂದ ಹೇಳಿದಳು, ಅದೇ ಕಷ್ಟವಾಯಿತು. "ದೊಡ್ಡೋರು ನೀವು. ಬ್ಯಾಡ ಅನ್ನಾಕೆ ಹೆಂಗೆ ಆಕೈತೆ? ನೀವು ಹೇಳೋ ಹೊತ್ತಿಗೆ ನಾನು ನೋಡಿರ್ತಿದ್ದೆ. 'ಹೂಂ ಅಣ್ಣಾ' ಅಂತಿದ್ದೆ. ಈಗ ಫೋನ್ ಇಡ್ರಿ, ಗಂಟಲು ನೋಡ್ಕೊಳ್ರಿ."

ಅವನು ಫೋನಿಟ್ಟ. ಯಶೋಧರಾ ಬಿಸಿನೀರು ತಂದುಕೊಟ್ಟಳು. ಅವಳು ಫೋನಿಗೆ ಕಿವಿ ಹಚ್ಚಿರಲಿಲ್ಲ, ಆದರೆ ಜಗಳೂರಿನ ಜೊತೆ ಮಾತಾಡುವಾಗ ಕಿವಿ ಹಚ್ಚುವ ಅಗತ್ಯವಿರುವುದಿಲ್ಲ. ಏನೂ ಕೇಳಿಸಲಿಲ್ಲವೆಂಬ ಮುಖ ಮಾಡಿಕೊಂಡು, "ಹೋಗ್ಲಿ ಬಿಡಣ್ಣಾ, ಮನುಷ್ಯ ಉಳ್ಕೊಂಡ್ನಲ್ಲ" ಎಂದಳು.

ಉಳಿದುಕೊಂಡ. ಬೆನಕಪ್ಪನನ್ನು ಉಳಿಸಲು ತಿಪ್ಪೇರುದ್ರ ತನ್ನ ಹದಿನಾರು ದಿನ ಕೊಟ್ಟ. ಬೆನಕಪ್ಪ ಅದಕ್ಕೆ ಐದು ನಿಮಿಷ ಮುಂಚೆಯೇ ಉಳಿದು, ಬಹುಶಃ ಯಾವುದಾದರೂ ಹೋಟೆಲಿನಲ್ಲಿ ಫ್ಯಾನಿನ ಕೆಳಗೆ ಕೂತು ಸಕ್ಕರೆ ಹಾಕಿದ ಚಹಾ ಕುಡಿಯುತ್ತಿದ್ದ.

ಆ ಸಂಜೆ ಅವನು ಗಂಟೆಯ ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದ. ಇನ್ನು ಅದು ಹೆಸರು, ಗಾತ್ರಗಳ ಜೊತೆಗೆ ಒಳಗಿರುವುದನ್ನೂ ಓದಿ ಹೋಲಿಸುತ್ತದೆ. ಸಾಲು ಬರೆಯಲು ಎಂಟು ನಿಮಿಷ ಹಿಡಿಯಿತು. ಹೊನ್ನಾಳಿ, ನ್ಯಾಮತಿಯವರೂ ಇಷ್ಟು ವರ್ಷ ತಾವೇ ನೋಡಿಕೊಳ್ಳುತ್ತಿದ್ದರೇ ಎಂದು ಕೇಳಬೇಕೆನ್ನಿಸಿತು. ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆದ. ಯಾರಿಗೂ ತೋರಿಸದೆ ಹಾಳೆ ಹರಿದು ಹಾಕಿದ. ಕೆಲವು ಪರೀಕ್ಷೆಗಳ ವರದಿ ಬಾರದಿದ್ದರೇ ಒಳ್ಳೆಯದು.

ಶಿವಮೂರ್ತಪ್ಪನವರ ಕಿವಿಗೆ ವಿಷಯ ಬೀಳಲು ಎರಡು ದಿನ ಬೇಕಾಯಿತು, ಅದು ಅವರದೇ ಆಲೋಚನೆಯಾಗಿ ಬದಲಾಗಲು ಅರ್ಧ ದಿನ. ಮೀಟಿಂಗು ಕರೆದು, "ಕೊಡೋ ಮುಂಚೆ ನೋಡು! ಇದು ನಾನು ಬಹಳ ವರ್ಷದಿಂದ ಹೇಳಬೇಕು ಅನ್ಕೊಂಡಿದ್ದ ಮಾತು" ಎಂದರು. ಮೂರೂ ಶಾಖೆಯ ಗೋಡೆಗೆ ಬೋರ್ಡು ಬಂತು, ಮೇಲೆ ಅವರ ಫೋಟೋ ಸಮೇತ. ಸಂಘಮಿತ್ರಾಗೂ ಒಂದು ಬೋರ್ಡು ಕಳಿಸಿಕೊಟ್ಟರು, ನೋಡಿ ಕಲಿಯಲಿ ಎಂದು.

ಗಂಟಲು ಡಾಕ್ಟರು ಮತ್ತೆ ದೀಪ ಬಿಟ್ಟು ನೋಡಿ, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಒಂದು ಗಂಟು ಸಣ್ಣದಾಗೈತೆ, ಇನ್ನೊಂದ್ರಾಗೆ ರಕ್ತ ಕಟ್ಟೈತೆ. ಮತ್ತೆ ಒಂದರಿಂದ ಎಣಿಸ್ರಿ" ಎಂದರು.

ಮನೆಯಲ್ಲಿ ಅಂಬಿಕಾ ಹಣೆ ಚಚ್ಚಿಕೊಂಡಳು. ಅಂತರಘಟ್ಟಮ್ಮ ಕೇಳಿದ್ದು ಒಂದೇ: "ಆಣೆ ಮುರಿದನಲ್ಲ, ಆ ಮನುಷ್ಯ ಬದುಕಿದ್ನಾ?" ಬದುಕಿದ್ದಾನೆ ಎಂದಳು ಸೊಸೆ. "ಹಂಗಾದ್ರೆ ನಂಗೂ ಏನೂ ಆಗಂಗಿಲ್ಲ ಬಿಡು," ಎಂದು ಮುದುಕಿ ಗೋಡೆಗೆ ಒರಗಿದಳು.

ಎರಡನೆಯ ಇಪ್ಪತ್ತೊಂದು ದಿನ ಏನೂ ನಡೆಯಲಿಲ್ಲ. ಏನೂ ನಡೆಯದೇ ಇರುವುದಕ್ಕೆ ತಾನು ಬೇಕಾಗಿಲ್ಲ ಎಂಬುದನ್ನು ತಿಪ್ಪೇರುದ್ರ ದಿನಾ ಒಂಬತ್ತರಿಂದ ಐದರವರೆಗೆ ಕೂತು ನೋಡಿದ. ಗಂಟೆ ಹೊಡೆಯುತ್ತಿತ್ತು, ಜನ ತೆಗೆದು ನೋಡಿ ಕೊಡುತ್ತಿದ್ದರು. ಪ್ರೇಮಲತಾಳ ಫೋನು ನಿಂತಿತು. ಗುರುಬಸವರಾಜ್ ಇನ್ನೂ ಒಂದು ವಾರ ಮಾಡಿದ; ಕುಟ್ಟುವುದನ್ನು ಕೇಳಿ ಕೇಳಿ ಅವನಿಗೂ ಬೇಜಾರಾಗಿ ಬಿಟ್ಟ. ತಿಪ್ಪೇರುದ್ರನಿಗೆ ಹಗುರವೆನಿಸಿತು. ಹಗುರವೆಂದರೆ, ತಲೆಯ ಮೇಲಿದ್ದ ಹೊರೆ ಇಳಿಸಿದವನಿಗೆ ಸ್ವಲ್ಪ ಹೊತ್ತು ಕುತ್ತಿಗೆ ಯಾರದೋ ಅನ್ನಿಸುವಂಥ ಹಗುರ.

ಕೊನೆಯ ದಿನ ಡಾಕ್ಟರು, "ಆ ಅನ್ರಿ" ಎಂದರು.

ಅಂದ. ದನಿ ಬಂತು. ತನ್ನದಲ್ಲದ್ದು, ಮೊದಲಿನದಕ್ಕಿಂತ ದಪ್ಪ, ಅಂಚು ಸವೆದದ್ದು.

"ಕತ್ತರಿ ಬ್ಯಾಡ," ಎಂದರು ಡಾಕ್ಟರು. "ಆದ್ರೆ ಹಳೇದು ಬರಂಗಿಲ್ಲ, ಇಷ್ಟೇ ಉಳಿಯೋದು. ರೇಷನ್ ಅಂಗಡಿ ಥರ ಇಟ್ಕೊಳ್ರಿ, ದಿನಕ್ಕೆ ಇಷ್ಟೇ ಮಾತು ಅಂತ. ಕೂಗೋದಂತೂ ಜನ್ಮದಾಗಿಲ್ಲ."

ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು ಅವನು ಆ ರೇಷನ್ನನ್ನು ಪಾಲು ಮಾಡಲು ನೋಡಿದ. ಸಾಹುಕಾರರಿಗೆ ತಲೆಯಾಡಿಸಿದರೆ ಸಾಕು, ಅವರಿಗೆ ಬೇಕಾದದ್ದೂ ಅಷ್ಟೇ. ಶಾಖೆಗಳಿಗೆ ಏನೂ ಬೇಡ. ಹೆಂಡತಿಗೆ ಸ್ವಲ್ಪ ಇಡಬೇಕು. ಉಳಿದದ್ದೆಲ್ಲ ಆರು ಗಂಟೆಯ ಪೇಪರಿಗೆ. ಸತ್ತವರ ಪಟ್ಟಿ ಪೂರ್ತಿ, ರಾಜಕೀಯ ಅರ್ಧ. ಬರೀ ತಲೆಬರಹ ಓದಿದರೆ ಉಳಿದದ್ದನ್ನು ಅವ್ವ ತಾನೇ ಬೈದುಕೊಂಡು ತುಂಬಿಸುತ್ತಾಳೆ. ಈ ಹೊಸ ದನಿಯನ್ನು ಅವಳು ಮಗನದೆಂದು ಒಪ್ಪಲು ಎಷ್ಟು ದಿನ ಹಿಡಿಯುತ್ತದೋ ಗೊತ್ತಿಲ್ಲ. ನಾಲ್ಕು ದಿನ ಅಪರಿಚಿತನನ್ನು ಕೂರಿಸಿಕೊಂಡು ಪೇಪರ್ ಕೇಳಿದ ಹಾಗೆ ಕೇಳಲಿ.

ಕಂಡಕ್ಟರು ಸೀಟಿಗೆ ಒರಗಿ ನಿಂತು, ಹಿಂದಿನವರಿಗೆ ಚಿಲ್ಲರೆ ಕೊಡುತ್ತಲೇ, "ಎಲ್ಲಿಗ್ರೀ?" ಎಂದ.

ತಿಪ್ಪೇರುದ್ರ ಜೇಬಿನ ನೋಟ್‌ಬುಕ್ಕಿಗೆ ಕೈ ಹಾಕಿದವನು ಹಾಗೇ ತಡೆದ.

"ತ್ಯಾವಣಿಗೆ," ಎಂದ.

ಕಂಡಕ್ಟರು ತಲೆಯೆತ್ತಿ ಕೂಡ ನೋಡದೆ ಟಿಕೆಟು ಹರಿದು ಅವನ ಕೈಗೆ ಕೊಟ್ಟು, ಮುಂದಿನ ಸೀಟಿಗೆ ಹೋದ.